ಉಂಡು ಹೋದವರು

ಅಮೆರಿಕದ ಕನ್ನಡಿಗರಿಗೆ ಸನ್ಮಾನದ ಚಟವಿದೆ. ಚಟ ಎಂದೇ ಹೇಳುತ್ತೇನೆ, ಬೇಜಾರಾಗುವವರಿಗೆ ಆಗಲಿ. ನಾಲ್ಕು ಸಂಸಾರ ಸೇರಿದ ಕಡೆ ಒಂದು ಸಂಘ ಹುಟ್ಟುತ್ತದೆ, ಸಂಘಕ್ಕೊಬ್ಬ ಅಧ್ಯಕ್ಷ ಹುಟ್ಟುತ್ತಾನೆ, ಅಧ್ಯಕ್ಷನಾದವನಿಗೆ ಯಾರ ತಲೆಯ ಮೇಲಾದರೂ ಮೈಸೂರು ಪೇಟ ಇಡದಿದ್ದರೆ ಕೈ ತುರಿಸುತ್ತದೆ. ನಾವು ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ಗೆ ಬಂದ ವರ್ಷ ರಾಜ್ಯೋತ್ಸವದಲ್ಲಿ ಟಿವಿಯಲ್ಲಿ ಹವಾಮಾನ ಹೇಳುವವನೊಬ್ಬನಿಗೆ ಪೇಟ ತೊಡಿಸಿದರು. ಮರುವರ್ಷ ಮಕ್ಕಳ ಹಲ್ಲಿನ ಡಾಕ್ಟರಿಗೆ. ಅದನ್ನು ತೆಗೆಯಬಾರದೇನೋ ಎಂದು ಹೆದರಿ ಆತ ಪೇಟ ಹಾಕಿಕೊಂಡೇ ಬಿಸಿಬೇಳೆಬಾತ್ ತಿಂದು, ಹಾಕಿಕೊಂಡೇ ಕಾರು ಡ್ರೈವ್ ಮಾಡಿಕೊಂಡು ಹೋದ. ತೆಗೆಯಬಹುದು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಮುಖ್ಯ ಅತಿಥಿ ಬಿಳಿಯನೇ ಆಗಿರಬೇಕೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೇಲಂತೂ ಈ ಹುಚ್ಚು ಇನ್ನೂ ಹೆಚ್ಚಾಯಿತು. ಕಾರಿನ ಕಿಟಕಿಗೆ ಅಮೆರಿಕದ ಬಾವುಟ ಸಿಕ್ಕಿಸಿಕೊಂಡು ಓಡಾಡುವ ಕಾಲ ಅದು. ಟೆಲಿಕಾಂ ಕಂಪನಿಗಳಲ್ಲಿ ದಿನಾ ಬೆಳಗಾದರೆ ಲೇಆಫ್ ಸುದ್ದಿ. ಅಂಗಡಿಯಲ್ಲಿ ಯಾರಾದರೂ ನಮ್ಮ ಮೈಬಣ್ಣ ನೋಡಿ ಮುಖ ತಿರುಗಿಸಿದರೆ ಎದೆ ಧಸಕ್ ಎನ್ನುತ್ತಿತ್ತು. ಹೆದರಿದವರಿಗೆ ಊರ ಹಿರಿಯನೊಬ್ಬನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರೆ ಸಮಾಧಾನ. ಅದು ನನಗೆ ಅರ್ಥವಾಗದ್ದೇನಲ್ಲ. ಆದರೆ ಯಾವ ಹಿರಿಯ ಎಂದು ಒಂದು ಸಲವಾದರೂ ನೋಡಬೇಡವೇ?

ಆ ವರ್ಷ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನವರು ಸೇರಿ ಒಟ್ಟಿಗೆ ರಾಜ್ಯೋತ್ಸವ ಮಾಡುವುದೆಂದು ತೀರ್ಮಾನವಾಗಿತ್ತು. ಆಸ್ಟಿನ್‌ನವರು ಆರ್ಕೆಸ್ಟ್ರಾ ತರುತ್ತಾರಂತೆ. ಹ್ಯೂಸ್ಟನ್ನಿನ ಪಕ್ಕದ ಕೇಟಿ, ಸೈಪ್ರೆಸ್ ಊರುಗಳ ಹೆಂಗಸರು ಕೋಲಾಟ, ನಾಟಕ ಎರಡೂ ಮಾಡುತ್ತಾರಂತೆ. ಊಟ, ಸಭಾಂಗಣ, ಮುಖ್ಯ ಅತಿಥಿ, ಇಷ್ಟು ನಮ್ಮ ಡಲ್ಲಾಸ್‌ನವರ ಪಾಲಿಗೆ ಬಂದಿತ್ತು. ಅತಿಥಿ ಭಾರಿಯಾಗಿರದಿದ್ದರೆ ಮಾನ ಹೋಗುತ್ತದೆ ಎಂದು ನಮ್ಮ ಅಧ್ಯಕ್ಷರಿಗೆ ನಿದ್ದೆ ಇಲ್ಲ. ಬೆಂಗಳೂರಿನವರು, ಮನುಷ್ಯ ಕೆಟ್ಟವರಲ್ಲ, ಯಾರ ಮನೆ ಶಿಫ್ಟ್ ಆದರೂ ಸೋಫಾ ಹೊರಲು ಮೊದಲು ಬರುವವರು. ತಲೆ ಮಾತ್ರ ಕೆಲವು ಸಲ ರಜದ ಮೇಲಿರುತ್ತಿತ್ತು.

"ಮೇಡಂ, ಈ ಸಲ ಸಖತ್ ಗೆಸ್ಟ್ ಸಿಕ್ಕಿದಾರೆ!" ಎಂದು ಫೋನು ಮಾಡಿದರು. "ಅಸಲಿ ಟೆಕ್ಸಸ್ ಮನೆತನ. ನಮ್ಮ ಕಾಲೋನಿಯಲ್ಲೇ ಇದಾರೆ, ನಂಗೇ ಗೊತ್ತಿರ್ಲಿಲ್ಲ. ಅವರ ಮುತ್ತಜ್ಜ ಗೆರಿಲ್ಲಾ ಫೈಟರ್ ಅಂತೆ. ಸಿವಿಲ್ ವಾರ್ ಟೈಮಲ್ಲಿ ಕೇಂದ್ರದ ಸೈನ್ಯದ ಮೇಲೆ ಕಾಡಿಂದ ಬಂದು ಬೀಳ್ತಿದ್ರಂತೆ. ನಮ್ಮ ಕಡೆ ಬ್ರಿಟಿಷರ ಮೇಲೆ ಬೀಳ್ತಿರ್ಲಿಲ್ವಾ, ಸೇಮ್ ಟು ಸೇಮ್!"

"ಯಾವ ಕಡೆಯವರಂತೆ?" ಎಂದು ಕೇಳಿದೆ.

"ಸ್ವಾತಂತ್ರ್ಯದ ಕಡೆ ಮೇಡಂ, ಇನ್ಯಾವ್ದು?"

ಯಾರ ಸ್ವಾತಂತ್ರ್ಯ ಎಂದು ಕೇಳುವಷ್ಟರಲ್ಲಿ ಅವರಿಗೆ ಇನ್ನೊಂದು ಫೋನು ಬಂತು. ಕರಿಯರನ್ನು ದನದ ಹಾಗೆ ಮಾರುವ ಸ್ವಾತಂತ್ರ್ಯವೂ ಒಂದು ಸ್ವಾತಂತ್ರ್ಯವೆಂದು ಈ ದೇಶದಲ್ಲಿ ಯುದ್ಧ ನಡೆದಿತ್ತು, ಅದು ನನಗೂ ಅಷ್ಟಿಷ್ಟು ಗೊತ್ತಿತ್ತು. ವಾರದೊಳಗೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಅತಿಥಿಯ ಫೋಟೋ ಕೆಳಗೆ ದಪ್ಪಕ್ಷರದಲ್ಲಿ 'ಸ್ವಾತಂತ್ರ್ಯ ಹೋರಾಟಗಾರರ ಮರಿಮಗ' ಎಂದಿತ್ತು. ಅದರ ಕೆಳಗೆ, ಪೂರ್ಣಕುಂಭ ಸ್ವಾಗತ ಮತ್ತು ಆರತಿ: ನನ್ನ ಅತ್ತೆಯ ಹೆಸರು. ಭಾಷಣದ ಕನ್ನಡ ಅನುವಾದ: ನನ್ನ ಹೆಸರು. ಟೆಕ್ಸಸ್‌ನ ಮುದುಕರ ಇಂಗ್ಲಿಷ್ ಊರಿಂದ ಬಂದ ಹಿರಿಯರಿಗೆ ಒಂದಕ್ಷರ ತಿಳಿಯುವುದಿಲ್ಲ, ಆದ್ದರಿಂದ ಪ್ರತಿ ವರ್ಷ ನಾನು ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುವುದು ರೂಢಿ. ಗಂಟಲು ದೊಡ್ಡದು ಎಂಬುದೇ ನನ್ನ ಅರ್ಹತೆ.

ಅತ್ತೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನವಳು, ಅತ್ತೆ ರಾಯಚೂರು ಕಡೆಯವರು. ಮಾವನವರ ಜೊತೆ ನಮ್ಮ ಮನೆಗೇ ಬಂದು ನೆಲೆಸಿದ್ದರು. ಅವರು ಹುಟ್ಟಿದ ಹಳ್ಳಿ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಅವರಿಗೆ ಬಂದಿರಲಿಲ್ಲ. ಆ ವರ್ಷ ಅಲ್ಲಿ ಸೈನ್ಯವೂ ಅಲ್ಲದ, ಪೊಲೀಸೂ ಅಲ್ಲದ ಬಂದೂಕಿನವರು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಹಗಲು ಒಂದು ಗುಂಪು, ಒಂದು ಘೋಷಣೆ. ಕತ್ತಲಾದರೆ ಗಡಿಯಾಚೆಯಿಂದ ಇನ್ನೊಂದು ಗುಂಪು, ಇನ್ನೊಂದು ಘೋಷಣೆ. ಎರಡು ಗುಂಪಿನವರಿಗೂ ಹಸಿವು ಮಾತ್ರ ಒಂದೇ ರೀತಿಯದು. ಬಂದವರೇ ಕೇಳುತ್ತಿದ್ದದ್ದು ರೊಟ್ಟಿ.

ಒಂದು ದಿನ ಅತ್ತೆಯ ಮನೆಗೂ ಬಂದರು. ಅತ್ತೆ ಆಗ ಸಣ್ಣ ಹುಡುಗಿ. ಅವರ ಅಪ್ಪ ಜ್ವರ ಬಂದು ಒಳಗಿನ ಕೋಣೆಯಲ್ಲಿ ಮಲಗಿದ್ದರು. ಹೊಟ್ಟೆ ತುಂಬಿದರೆ ಹೊರಟು ಹೋದಾರು, ಒಳಗೆ ಹಣಿಕಿ ನೋಡದೆ ಇದ್ದಾರು ಎಂದು ಅವರ ಅವ್ವ ಮನೆಯಲ್ಲಿದ್ದ ಜೋಳದ ಹಿಟ್ಟನ್ನೆಲ್ಲ ನಾದಿ ರೊಟ್ಟಿ ಬಡಿದು ಹಾಕಿದಳು. ತುಪ್ಪ, ಖಾರ, ಬೆಲ್ಲ, ಇದ್ದಬದ್ದದ್ದೆಲ್ಲ. ಅವರು ನಗುತ್ತ ಉಂಡರು. ಹುಡುಗಿಯ ಕೈಗೆ ಬೆಲ್ಲದ ಚೂರು ಕೊಟ್ಟು ಕೆನ್ನೆ ತಟ್ಟಿದರು. ಆಮೇಲೆ ಕೈ ತೊಳೆದುಕೊಂಡು, ಒಳಗೆ ಹೋಗಿ, ಮಲಗಿದ್ದವನನ್ನು ಎಬ್ಬಿಸಿ, 'ಅಗಸಿ ತನಕ ದಾರಿ ತೋರ್ಸು ಬಾ' ಎಂದು ಕರೆದುಕೊಂಡು ಹೋದರು. ಅಗಸಿ ಎಂದರೆ ಊರ ಬಾಗಿಲು. ಅಲ್ಲೇ ಗುಂಡು ಹೊಡೆದರು. ಯಾರ ಮೇಲೆ ಯಾರು ಚಾಡಿ ಹೇಳಿದ್ದರೋ, ಕೊನೆಗೂ ಗೊತ್ತಾಗಲಿಲ್ಲ.

ಯಾವ ಗುಂಪಿನವರು ಎಂದು ನಾನು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. "ಉಂಡು ಹೋದವ್ರು," ಎಂದರು.

ಆದರೆ ಅತ್ತೆಗೆ ಉಳಿದ ನೋವು ಅಪ್ಪ ಸತ್ತದ್ದು ಮಾತ್ರ ಅಲ್ಲ. ಗಲಾಟೆಯೆಲ್ಲ ಅಡಗಿದ ಮೇಲೆ ಊರಿನ ಬಾಯಿ ತೆರೆಯಿತು. ಬಿಸಿ ರೊಟ್ಟಿ, ತುಪ್ಪ ಹಾಕಿದಳೆಂದರೆ ಅವರು ಇವಳಿಗೆ ಬೇಕಾದವರೇ ಇರಬೇಕು ಎಂದರು. 'ಉಣ್ಣಾಕ ಹಾಕಿದಾಕಿ' ಎಂಬ ಹೆಸರು ಅತ್ತೆಯ ಅವ್ವನಿಗೆ ಅಂಟಿಕೊಂಡಿತು. ಬಾವಿಕಟ್ಟೆಯಲ್ಲಿ ಮಾತು ನಿಲ್ಲಿಸುತ್ತಿದ್ದರು. ಮದುವೆ ಮನೆಗಳಲ್ಲಿ ಅಡುಗೆಗೆ ಕರೆಯುತ್ತಿರಲಿಲ್ಲ. ಬಂದೂಕು ಹಿಡಿದವರನ್ನು ಬಯ್ಯಲು ಧೈರ್ಯವಿಲ್ಲದ ಊರು, ರೊಟ್ಟಿ ಬಡಿದವಳನ್ನು ಬಯ್ದು ಬಾಯಿ ಚಪಲ ತೀರಿಸಿಕೊಂಡಿತು. ಆಕೆ ಅದೇ ಹೆಸರು ಹೊತ್ತು ಮುದುಕಿಯಾಗಿ ಸತ್ತಳು. ಥೂ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಇಂಥ ಅತ್ತೆಯ ಕೈಯಲ್ಲಿ ಅಂಥವನ ಮರಿಮಗನಿಗೆ ಆರತಿ ಎತ್ತಿಸುತ್ತಾರಂತೆ. ಆಮಂತ್ರಣ ಪತ್ರಿಕೆ ನೋಡಿ ನನಗೆ ಪಿತ್ತ ನೆತ್ತಿಗೇರಿತು. ಹಾಗಂತ ಸುಮ್ಮನೆ ಕೂಗಾಡುವವಳಲ್ಲ ನಾನು. ನನ್ನ ಮಗ ಆಗ ಏಳನೆಯ ತರಗತಿ, ಟೆಕ್ಸಸ್‌ನ ಇತಿಹಾಸ ಓದುವ ವರ್ಷ. ಸಿವಿಲ್ ವಾರ್‌ನ ಆ ಗೆರಿಲ್ಲಾಗಳು ಎಂಥವರು ಎಂದು ಅವನನ್ನೇ ಕೇಳಿದೆ. "ದೋಸ್ ಗೈಸ್? ಅಮ್ಮ, ಈವನ್ ದೇರ್ ಓನ್ ಸೈಡ್ ಹೇಟೆಡ್ ದೆಮ್," ಎಂದು ಕಂಪ್ಯೂಟರ್ ಆಟದಿಂದ ಕಣ್ಣು ತೆಗೆಯದೆ ಹೇಳಿದ. ಅವರ ಪಕ್ಷದವರಿಗೇ, ಎಂದರೆ ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದವರಿಗೇ, ಅವರನ್ನು ಕಂಡರೆ ಆಗುತ್ತಿರಲಿಲ್ಲವಂತೆ. ನಮ್ಮ ಅಧ್ಯಕ್ಷರಿಗಿಂತ ಹನ್ನೆರಡು ವರ್ಷದ ಹುಡುಗ ಮೇಲು.

ಮರುದಿನ ಲೈಬ್ರರಿಗೆ ಹೋಗಿ ಕುಳಿತೆ. ಒಂದರ ಮೇಲೊಂದು ಪುಸ್ತಕ ತೆರೆದೆ. ಈ ಶೂರರು ಸೈನ್ಯದ ಮೇಲೆ ಬೀಳುತ್ತಿದ್ದದ್ದು ಅಪರೂಪಕ್ಕೆ, ಅದೂ ಸೈನಿಕರು ಕಡಿಮೆ ಇದ್ದಾಗ. ಹೆಚ್ಚಾಗಿ ಬೀಳುತ್ತಿದ್ದದ್ದು ಒಂಟಿ ಮನೆಗಳ ಮೇಲೆ. ಸತ್ತ ಶತ್ರುಗಳ ಸಮವಸ್ತ್ರ ತೊಟ್ಟು, ಅವರ ಕಡೆಯವರೆಂದೇ ನಂಬಿಸಿ, ಬಾಗಿಲು ತಟ್ಟಿ, ಊಟ ಕೇಳಿ, ಉಂಡು, ಆಮೇಲೆ ಮನೆಯ ಗಂಡಸನ್ನು ಅಂಗಳಕ್ಕೆ ಕರೆದು ಹೆಂಡತಿ ಮಕ್ಕಳ ಕಣ್ಣೆದುರು ಕೊಲ್ಲುವುದು. ಒಂದು ಬೆಳಗಿನ ಜಾವ ಒಂದು ಊರಿಗೇ ನುಗ್ಗಿ, ನಿದ್ದೆಗಣ್ಣಲ್ಲಿ ಹೊರಬಂದ ಗಂಡಸರನ್ನು, ಮೀಸೆ ಮೂಡದ ಹುಡುಗರನ್ನು, ಆಯುಧವಿಲ್ಲದವರನ್ನು ಹುಡುಕಿ ಹುಡುಕಿ ಕೊಂದು ಮನೆಗಳಿಗೆ ಬೆಂಕಿ ಇಟ್ಟರು. ಶರಣಾದವರನ್ನೂ ಬಿಡಲಿಲ್ಲ. ಸತ್ತವರ ತಲೆಯ ಚರ್ಮ ಸುಲಿದು ಕುದುರೆಯ ಲಗಾಮಿಗೆ ಕಟ್ಟಿಕೊಂಡವರೂ ಅವರಲ್ಲಿದ್ದರು. ಚಳಿಗಾಲಕ್ಕೆ ನಮ್ಮ ಲೂಯಿಸ್‌ವಿಲ್‌ನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಬೀಡುಬಿಟ್ಟು, ಕುಡಿದು, ಅಲ್ಲಿಯ ತಮ್ಮದೇ ಪಕ್ಷದ ಜನರನ್ನೂ ದೋಚಿದರು. ಇದಕ್ಕೆ ಹೋರಾಟ ಎಂದು ಹೆಸರು! ನಾಯಿಗೆ ಹುಚ್ಚು ಹಿಡಿದರೂ ಅದು ಕಚ್ಚುವ ಮೊದಲು ಊಟ ಬೇಡುವುದಿಲ್ಲ.

ಸಮಿತಿಯ ಸಭೆ ಅಧ್ಯಕ್ಷರ ಮನೆಯಲ್ಲಿ. ಸಭೆ ಎಂದರೆ ಪಾಟ್‌ಲಕ್. ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು, ತಟ್ಟೆ ತುಂಬ ಚಿತ್ರಾನ್ನ ಹಾಕಿಕೊಂಡು ಕೂತಿದ್ದಾಗ ನಾನು ಓದಿದ್ದನ್ನೆಲ್ಲ ಹೇಳಿದೆ. ಅಧ್ಯಕ್ಷರು ಚಮಚ ಕೆಳಗಿಟ್ಟು, "ಮೇಡಂ, ಗೆರಿಲ್ಲಾ ಅಂದ್ಮೇಲೆ ಸ್ವಲ್ಪ ಆ ಥರ ಇರುತ್ತೆ. ವಾರ್ ಈಸ್ ವಾರ್," ಎಂದರು.

"ಜ್ವರ ಬಂದು ಮಲಗಿದವನನ್ನ ಎಬ್ಬಿಸಿ ಕೊಲ್ಲೋದು ಯಾವ ವಾರು?" ಎಂದೆ. ಅತ್ತೆಯ ಅಪ್ಪನ ನೆನಪು ಬಾಯಿಗೆ ಬಂದುಬಿಟ್ಟಿತ್ತು.

"ಅದೆಲ್ಲ ಓಲ್ಡ್ ಸ್ಟೋರಿ. ಪಾಪ ಈ ಅಂಕಲ್ ಏನ್ ಮಾಡಿದ್ರು? ಎಷ್ಟು ಡೌನ್ ಟು ಅರ್ತ್ ಗೊತ್ತಾ, ನಮ್ಮ ಮನೆಗೆ ಪೀಕನ್ ಪೈ ತಂದ್ಕೊಟ್ರು."

ಪೀಕನ್ ಪೈ! ಒಂದು ತಟ್ಟೆ ಸಿಹಿತಿಂಡಿ, ಅಷ್ಟಕ್ಕೇ ನಮ್ಮವರು ಬಾಲ ಅಲ್ಲಾಡಿಸಿಬಿಟ್ಟರು. ಇನ್ನೊಬ್ಬರು, "ಹಾಲ್ ಬುಕ್ ಮಾಡ್ಸಿಕೊಟ್ಟಿದ್ದೇ ಅವ್ರು, ಈಗ ಬೇಡ ಅನ್ನಕ್ಕಾಗುತ್ತಾ?" ಎಂದರು. ಮತ್ತೊಬ್ಬರು, "ಪೇಟ ಆಗ್ಲೇ ಬೆಂಗಳೂರಿಂದ ಬಂದಿದೆ," ಎಂದರು, ಪೇಟಕ್ಕೆ ತಲೆ ಸಿಗದಿದ್ದರೆ ದೋಷ ತಟ್ಟುತ್ತದೆ ಎನ್ನುವಂತೆ. ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ವಾಪಸ್ ತುಳಿದೆ. ಹಾಗಾದರೆ ನನ್ನ ಅತ್ತೆ ಆರತಿ ಎತ್ತುವುದಿಲ್ಲ ಎಂದು ಹೇಳಿ ನನ್ನ ಪಾಯಸದ ಪಾತ್ರೆ ಎತ್ತಿಕೊಂಡು ಬಂದೆ. ಅರ್ಧ ಪಾಯಸ ಇನ್ನೂ ಉಳಿದಿತ್ತು, ಬಿಡಲು ಮನಸ್ಸು ಬರಲಿಲ್ಲ.

ಕಾರಿನಲ್ಲಿ ಗಂಡ, "ನೀ ಅವ್ವಗ ಇದೆಲ್ಲಾ ಹೇಳಾಕ ಹೋಗಬ್ಯಾಡ. ಆಕಿ ಹಳೇದೆಲ್ಲಾ ಮರತಾಳ," ಎಂದರು. ಮಕ್ಕಳಿಗೆ ತಾಯಿ ಎಲ್ಲವನ್ನೂ ಮರೆತಿರುತ್ತಾಳೆ, ಅದು ಅವರಿಗೆ ಅನುಕೂಲ. ನಾನು ಮನೆಗೆ ಬಂದವಳೇ ಹೇಳಿದೆ. ಹೇಳದೆ ಆರತಿ ತಟ್ಟೆ ಕೈಗೆ ಕೊಡುವುದು ಮೋಸ, ಹೇಳದೆ ತಪ್ಪಿಸುವುದೂ ಮೋಸವೇ.

ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ನಾನು ಓದಿದ್ದನ್ನೆಲ್ಲ ಕೇಳಿದರು. ಬಾಗಿಲು ತಟ್ಟಿ ಊಟ ಕೇಳುತ್ತಿದ್ದರು ಎಂಬಲ್ಲಿ ಮಾತ್ರ ತಲೆ ಎತ್ತಿ, "ಇಲ್ಲೂ ಹಂಗ?" ಎಂದರು.

"ಹೌದು ಅತ್ತೆ. ನೀವು ಬರೋದು ಬೇಡ. ಜ್ವರ ಅಂತ ಹೇಳ್ತೀನಿ."

"ಯಾಕ? ನನಗೇನು ಜ್ವರ ಬಂದಿಲ್ಲಲ." ಇನ್ನೊಂದು ಕಂತೆ ಸೊಪ್ಪು ಎತ್ತಿಕೊಂಡರು. "ಮುತ್ತ್ಯಾ ಮಾಡಿದ್ದಕ್ಕ ಮರಿಮಗ್ನ ಬಯ್ಯಾಕ ಬರೂದಿಲ್ಲ. ಅಂವ ಅದನ್ನ ಹ್ಯಾಂಗ ಹೇಳ್ತಾನ, ಅದು ಕೇಳಬೇಕು. ತಲಿ ತಗ್ಗಿಸಿ ಹೇಳಿದ್ನೋ, ಆರತಿ ಎತ್ತತೀನಿ. ಮೊದ್ಲು ಭಾಷಣ, ಆಮ್ಯಾಲೆ ಆರತಿ. ಹಂಗ ಮಾಡ್ಸು."

"ತಲೆ ಎತ್ತಿ ಹೇಳಿದ್ರೆ?"

"ಅವಾಗ ನೋಡೂಣು. ನೀ ಮಾತ್ರ ಒಂದಕ್ಷರ ಬಿಡಬ್ಯಾಡ. ಅಂವ ಅಂದಿದ್ದು ಅಂದಂಗ ಹೇಳು."

ಕ್ರಮ ಬದಲಾಯಿಸಲು ಅಧ್ಯಕ್ಷರು ಕುಣಿದು ಒಪ್ಪಿದರು. ಹಿರಿಯರ ಆರತಿ ಕೊನೆಗಿದ್ದರೆ ಫೋಟೋ ಚೆನ್ನಾಗಿ ಬರುತ್ತದಂತೆ.

ಆ ದಿನ ಹಾಲ್ ತುಂಬ ಜನ. ಕೇಟಿಯ ಗುಂಪು ಬೆಳಗ್ಗೆಯೇ ಬಂದು ಮುಂದಿನ ಕುರ್ಚಿಗಳ ಮೇಲೆಲ್ಲ ದುಪ್ಪಟ್ಟ ಹಾಸಿ ಜಾಗ ಹಿಡಿದಿತ್ತು. ಆಸ್ಟಿನ್‌ನವರ ಆರ್ಕೆಸ್ಟ್ರಾ ಮೈಕು ಪರೀಕ್ಷೆ ಮಾಡಿ ಮಾಡಿ ಎಲ್ಲರ ಕಿವಿ ಕಿತ್ತುಹಾಕಿತ್ತು. ಅತಿಥಿ ಸರಿಯಾದ ಹೊತ್ತಿಗೆ ಬಂದರು. ನಮ್ಮ ಡಲ್ಲಾಸ್‌ನವರು ಯಾರೂ ಬರದ ಹೊತ್ತಿಗೆ ಎಂದರ್ಥ. ಎತ್ತರದ ಮುದುಕ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಅಗಲ ಟೋಪಿ. ಹೆಂಗಸರನ್ನು ಕಂಡರೆ ಟೋಪಿ ತೆಗೆದು ತಲೆ ಬಾಗಿಸುವವರು. ಅವರನ್ನು ದ್ವೇಷಿಸಲು ಸಿದ್ಧವಾಗಿ ಬಂದಿದ್ದ ನನಗೆ ಅದು ಕಿರಿಕಿರಿಯಾಯಿತು. ಒರಟನಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

ಶಾಲು ಹೊದಿಸಿದರು. ಹಾರ ಹಾಕಿದರು. ಪೇಟ ತಲೆಗೆ ಸಣ್ಣದಾಯಿತು. ಅಧ್ಯಕ್ಷರು ಒತ್ತಿ ಒತ್ತಿ ಕೂರಿಸಿದರು, ಅದು ಮತ್ತೆ ಮತ್ತೆ ಮೇಲೆ ಎದ್ದಿತು. ಚಪ್ಪಾಳೆ. ಅತ್ತೆ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಇಳಕಲ್ ಸೀರೆಯುಟ್ಟು, ಮಡಿಲಲ್ಲಿ ಆರತಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ಇನ್ನೂ ದೀಪ ಹಚ್ಚಿರಲಿಲ್ಲ.

ಮುದುಕರು ಮಾತು ಶುರು ಮಾಡಿದರು, ನಾನು ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿದೆ. ನಿಮ್ಮ ಸಂಸ್ಕೃತಿ ಬಹಳ ಸುಂದರ, ನಿಮ್ಮ ಹೆಂಗಸರ ಸೀರೆ ಬಹಳ ಸುಂದರ ಎಂದರು. ಆಮೇಲೆ ಮುತ್ತಜ್ಜನ ಕಥೆಗೆ ಬಂದರು. ಮುತ್ತಜ್ಜನಿಗೆ ಆಗ ಇಪ್ಪತ್ತರ ವಯಸ್ಸಂತೆ. ಲಗಾಮನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಕುದುರೆ ಓಡಿಸುತ್ತಿದ್ದನಂತೆ. ನಮ್ಮ ಸಾಫ್ಟ್‌ವೇರ್ ಹುಡುಗರು ಹಿಂದಿನ ಸಾಲಿನಿಂದ ಶಿಳ್ಳೆ ಹೊಡೆದರು. ಅಯ್ಯೋ ಶಿವನೇ, ಲೇಆಫ್ ಪತ್ರ ಬಂದರೆ ಬಾತ್‌ರೂಮಿನಲ್ಲಿ ಅಳುವ ಈ ಗಂಡಸರಿಗೆ ಪಿಸ್ತೂಲಿನ ಕಥೆ ಕೇಳಿದರೆ ಎಷ್ಟು ರೋಮಾಂಚನ! ಅಧ್ಯಕ್ಷರ ಮುಖ ಅರಳಿ ಅಗಲವಾಗಿತ್ತು.

ಶಿಳ್ಳೆ ಕೇಳಿ ಮುದುಕರಿಗೂ ಹುರುಪು ಬಂತು. ಸರ್ಕಾರದ ಸೈನ್ಯ ಇವರನ್ನು ಹಿಡಿಯಲಾಗದೆ ಒದ್ದಾಡಿತು, ಯಾಕೆ ಗೊತ್ತೇ ಎಂದು ಕೇಳಿದರು. ತಾವೇ ಉತ್ತರ ಹೇಳಿದರು.

ಆ ಉತ್ತರವನ್ನು ನಾನು ಕನ್ನಡದಲ್ಲಿ ಹೇಳಿದ್ದು ಹೀಗೆ: "ಯಾಕಂದ್ರೆ ಹೆಂಗಸರು ಅವರ ಕಡೆ ಇದ್ದರಂತೆ. ದಾರಿಯಲ್ಲಿ ಸಿಕ್ಕ ಪ್ರತಿ ಮನೆಯಲ್ಲೂ ಒಲೆ ಹಚ್ಚಿ ಬಿಸಿಬಿಸಿ ಮಾಡಿ ಹಾಕುತ್ತಿದ್ದರಂತೆ. ಯಾರೂ ಬಲವಂತ ಮಾಡಲಿಲ್ಲವಂತೆ. ಪ್ರೀತಿಯಿಂದ ಬಡಿಸಿದರಂತೆ."

ಬಾಯಿಂದ ಮಾತು ಹೊರಟ ಮೇಲೆ ಅತ್ತೆಯ ಕಡೆ ನೋಡಿದೆ. ಒಂದಕ್ಷರ ಬಿಡಬೇಡ ಎಂದವರು ಅವರೇ. ರಾಯಚೂರಿನ ಬಾವಿಕಟ್ಟೆಯಲ್ಲಿ ಆಡಿದ ಮಾತು ಟೆಕ್ಸಸ್‌ನಲ್ಲಿ ಇನ್ನೊಮ್ಮೆ, ಅದೂ ನನ್ನ ಬಾಯಿಂದ. ಆ ಮುದುಕರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಸಿಟ್ಟು ತರಿಸಿದ್ದು. ಅವರು ಅದನ್ನು ನಂಬಿದ್ದರು. ಉಂಡವರು ಮನೆಗೆ ಹೋಗಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಾಗೆ ಹೇಳಿಟ್ಟಿದ್ದರು.

ಅತ್ತೆ ಆರತಿ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ವೇದಿಕೆ ಹತ್ತಿದರು. ಅಧ್ಯಕ್ಷರು, "ಆಂಟಿ, ಇನ್ನೂ ಟೈಮಿದೆ, ಇನ್ನೂ ಟೈಮಿದೆ," ಎಂದು ಪಿಸುಗುಟ್ಟಿದರು. ಅತ್ತೆ ಅವರ ಕಡೆ ನೋಡಲಿಲ್ಲ. ನನ್ನ ಹತ್ತಿರ ಬಂದು ಮೈಕಿನ ಮುಂದೆ ನಿಂತರು.

"ಅಂವಗ ಕೇಳು. ಬಡಿಸಿದಾಕಿ ಗಂಡ ಅವಾಗ ಎಲ್ಲಿದ್ದ?"

ಕೇಳಿದೆ. ಮುದುಕರು ನಕ್ಕು, ಗಂಡಸರು ಹೆಚ್ಚಿನವರು ಯುದ್ಧಕ್ಕೆ ಹೋಗಿದ್ದರು ಮ್ಯಾಮ್ ಎಂದರು.

"ಮನ್ಯಾಗ ಇದ್ದವ್ರು?"

ಮುದುಕರು ಪೇಟ ಸರಿಮಾಡಿಕೊಂಡರು. ಆಮೇಲೆ, ನನಗೆ ಗೊತ್ತಿಲ್ಲ ಮ್ಯಾಮ್, ನಮ್ಮ ಮನೆಯಲ್ಲಿ ಹೇಳುವ ಕಥೆಯಲ್ಲಿ ಆ ಗಂಡಸರ ಸುದ್ದಿ ಬರುವುದಿಲ್ಲ ಎಂದರು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

"ಬರೂದಿಲ್ಲ," ಎಂದರು ಅತ್ತೆ. ಮೈಕು ಅವರ ಮಾತನ್ನು ಸಭಾಂಗಣದ ಮೂಲೆ ಮೂಲೆಗೂ ಒಯ್ದಿತು. "ಹೇಳು ಅಂವಗ. ಗಂಡ ಮನ್ಯಾಗ ಇದ್ದ. ಜ್ವರ ಬಂದು ಒಳಗ ಮಲಗಿದ್ದ. ಅದಕ್ಕ ನಮ್ಮವ್ವ ರೊಟ್ಟಿ ಹಾಕಿದ್ಲು. ಪ್ರೀತಿ ಇದ್ದಿದ್ದು ಅಂವನ ಮ್ಯಾಲೆ, ಉಣ್ಣಾಕ ಬಂದವ್ರ ಮ್ಯಾಲೆ ಅಲ್ಲ. ಉಂಡು ಕೈ ತೊಳಕೊಂಡು ಅಂವನ್ನ ಒಯ್ದು ಕೊಂದ್ರು. ಆಮ್ಯಾಲೆ ಊರ ಮಂದಿ ಅಂದ್ರು, ಆಕಿ ಅವ್ರಿಗೆ ಬೇಕಾದಾಕಿ ಅಂತ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಮೂರನೆಯ ಸಾಲಿನಲ್ಲಿ ಕೂತಿದ್ದ ನನ್ನ ಗಂಡ ಎದ್ದು ನಿಂತುಬಿಟ್ಟಿದ್ದರು. ಐವತ್ತು ವರ್ಷದಲ್ಲಿ ಅವರ ಅವ್ವ ಈ ಕಥೆಯನ್ನು ಮನೆಯ ಹೊರಗೆ ಯಾರ ಮುಂದೂ ಹೇಳಿರಲಿಲ್ಲ. ಅಂಥದ್ದನ್ನು ಮೂರು ಊರಿನ ಜನರ ಮುಂದೆ ಹೇಳಿದ್ದರು. ಶಿಳ್ಳೆ ಹೊಡೆದ ಹುಡುಗರು ನೆಲ ನೋಡುತ್ತಿದ್ದರು. ನೋಡಲಿ, ಚೆನ್ನಾಗಿ ನೋಡಲಿ.

ಅಧ್ಯಕ್ಷರಿಗೆ ಏನು ಮಾಡಬೇಕೋ ತೋಚದೆ, "ಈಗ ಆಸ್ಟಿನ್ ತಂಡದಿಂದ ಭಾವಗೀತೆ," ಎಂದು ಘೋಷಿಸಿಬಿಟ್ಟರು. ಆರತಿಯ ಮಾತನ್ನು ಯಾರೂ ಎತ್ತಲಿಲ್ಲ. ಆರ್ಕೆಸ್ಟ್ರಾದವರು ತಡವರಿಸುತ್ತ ಹಾಡು ಹಿಡಿದರು, ತಬಲಾ ಒಂದು ಕಡೆ, ಹಾಡು ಇನ್ನೊಂದು ಕಡೆ.

ಊಟದ ಹೊತ್ತಿಗೆ ಜನ ಮತ್ತೆ ಗಲಗಲ ಎನ್ನುತ್ತಿದ್ದರು. ಕೆಲವು ಹೆಂಗಸರು ಬಂದು ಅತ್ತೆಯ ಕೈ ಹಿಡಿದು ಹೋದರು. ಒಬ್ಬರು ಮಾತ್ರ, "ಗೆಸ್ಟ್ ಮುಂದೆ ಅದೆಲ್ಲ ಬೇಕಿತ್ತಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. "ಅನ್ನ ಆರುತ್ತೆ, ಹೋಗಿ ಊಟ ಮಾಡಿ," ಎಂದೆ. ಅತ್ತೆ ರೊಟ್ಟಿ, ಎಣ್ಣೆಗಾಯಿ ಇಟ್ಟಿದ್ದ ಮೇಜಿನ ಹಿಂದೆ ನಿಂತು ಬಡಿಸುತ್ತಿದ್ದರು. ನಮ್ಮ ಕಡೆಯ ಊಟದಲ್ಲಿ ಅದು ಅವರದೇ ಜಾಗ. ಎಲ್ಲರೂ ಸಾಲಿನಲ್ಲಿ ಬಂದರು, ಅವರು ಎಲ್ಲರಿಗೂ ಬಡಿಸಿದರು, ಅಧ್ಯಕ್ಷರಿಗೂ ಸೇರಿಸಿ, ಅವರಿಗೆ ಒಂದು ಬದನೆಕಾಯಿ ಹೆಚ್ಚಾಗಿಯೇ.

ಸಾಲಿನ ಕೊನೆಯಲ್ಲಿ ಮುದುಕರು ಬಂದರು. ಪೇಟ, ಶಾಲು ಎರಡನ್ನೂ ಎಲ್ಲೋ ಬಿಚ್ಚಿಟ್ಟಿದ್ದರು. ಬರಿತಲೆ, ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಖಾಲಿ ತಟ್ಟೆ. ಅತ್ತೆಯ ಎದುರು ಬಂದು ನಿಂತರು. ತಟ್ಟೆ ಮುಂದೆ ಮಾಡಲಿಲ್ಲ.

"ನಾನು ಇಲ್ಲಿ ಊಟ ಮಾಡಬಹುದೇ ಎಂದು ಕೇಳುತ್ತೀರಾ?" ಎಂದು ನನಗೆ ಹೇಳಿದರು.

ನಾನು ಅತ್ತೆಗೆ ಹೇಳಿದೆ.

ಅತ್ತೆ ಅವರ ಮುಖವನ್ನೇ ನೋಡಿದರು. ಆಮೇಲೆ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡರು.

"ಉಣ್ಣು ಅನ್ನು. ಹಸದು ಬಂದಾವಗ ಬ್ಯಾಡ ಅನ್ನಾಂಗಿಲ್ಲ. ತಾನ ಹಾಕ್ಕೊಳ್ಳಲಿ," ಎಂದರು. "ನಮ್ಮವ್ವ ಅಂಜಿ ಬಡಿಸಿದ್ಲು. ನನಗ ಅಂಜಿಕಿ ಇಲ್ಲ. ಅದಕ್ಕ ನಾ ಬಡಸೂದಿಲ್ಲ."